ಮುಂದಿನ ಮಾದರಿ ಬರುವವರೆಗೆ

ಅಕ್ಕ ಫೋನ್ ಮಾಡಿದ್ದು ಒಂದು ಮಾರ್ಚ್ ತಿಂಗಳ ಮಧ್ಯಾಹ್ನ. ನಾನು ಆಫೀಸಿನ ಕ್ಯಾಂಟೀನಿನಲ್ಲಿ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಆ ಹೊತ್ತಿನಲ್ಲಿ ಅವಳಿಗೆ ಶಾಲೆಯಲ್ಲಿ ಪಾಠವಿರುತ್ತದೆ, ಫೋನ್ ಮಾಡುವವಳೇ ಅಲ್ಲ. ಏನೋ ಆಗಿದೆ ಅಂದುಕೊಂಡು ಒದ್ದೆ ಕೈಯಲ್ಲೇ ಎತ್ತಿದೆ.

"ಹಾಡು ಕೇಳೋ ಪ್ಲೇಯರ್ ಒಂದು ತಗೋಬೇಕು ಕಣೋ. ಯಾವುದು ತಗೊಳ್ಲಿ, ಬೇಗ ಹೇಳು," ಎಂದಳು.

"ಇದ್ಯಲ್ಲ ನಿನ್ನ ಹತ್ರ, ನೀಲಿದು?"

"ಅದು ಕೆಟ್ಟೋಯ್ತು. ರಾತ್ರಿಯೆಲ್ಲಾ ಹಾಕಿಟ್ರೂ ಚಾರ್ಜ್ ಆಗ್ತಿಲ್ಲ."

"ಅಷ್ಟಕ್ಕೆ ಪ್ಲೇಯರ್ ಯಾಕೆ? ಫೋನಲ್ಲೇ ಕೇಳು."

"ಫೋನಲ್ಲಿ ಬೇಡ. ಒಂದು ಹಾಡು ಮುಗಿಯೋದ್ರೊಳಗೆ ಯಾವುದೋ ಮಗುವಿನ ಅಪ್ಪ ಫೋನ್ ಮಾಡಿ ಹೋಂವರ್ಕ್ ಏನು ಅಂತ ಕೇಳ್ತಾನೆ. ಆಮೇಲೆ ಈ ಹೊಸ ಫೋನಿಗೆ ನಿಮ್ಮ ಭಾವನ ಹೆಡ್‌ಫೋನ್ ಚುಚ್ಚೋಕೆ ತೂತೇ ಇಲ್ಲ. ನನಗೆ ಬರೀ ಹಾಡಿಗೇ ಅಂತ ಒಂದು ಬೇಕು. ಬೇಗ ನೋಡು."

ಬೇಗ ಎಂಬ ಮಾತನ್ನು ಅವಳು ಎರಡು ಸಲ ಹೇಳಿದ್ದಳು. ಈಗ ಅದು ಸ್ಪಷ್ಟವಾಗಿ ನೆನಪಿದೆ. ಆಗ ನನ್ನ ಮನಸ್ಸು ಹಿಡಿದುಕೊಂಡದ್ದು 'ಪ್ಲೇಯರ್' ಎಂಬ ಒಂದೇ ಪದವನ್ನು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾಗಿ ಮೈಸೂರಿನಿಂದ ಕೊಚ್ಚಿಗೆ ಹೋದವಳು, ಭಾವ ತೀರಿಕೊಂಡ ಮೇಲೂ ಅಲ್ಲೇ ಉಳಿದಳು. ಕಲೂರಿನಲ್ಲಿ ಒಂದು ಸಣ್ಣ ಫ್ಲಾಟ್, ಹತ್ತಿರದ ಶಾಲೆಯಲ್ಲಿ ಹಿಂದಿ ಟೀಚರ್ ಕೆಲಸ, ಒಬ್ಬಳೇ ಮಗಳು. ನಾನು ಕೆಲಸ ಸಿಕ್ಕಿ ತಿರುವನಂತಪುರಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಕೇಂದ್ರ ಸರ್ಕಾರದ ಒಂದು ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಪರೀಕ್ಷಿಸುವ ವಿಭಾಗ ನನ್ನದು. ಬೆರಳ ತುದಿಯಷ್ಟಿರುವ ಒಂದು ಭಾಗವನ್ನು ಕಾಯಿಸಿ, ತಣಿಸಿ, ಅಲುಗಾಡಿಸಿ, ತಿಂಗಳುಗಟ್ಟಲೆ ಸತಾಯಿಸಿದ ಮೇಲೆ ಪರವಾಗಿಲ್ಲ ಎಂದು ಸಹಿ ಹಾಕುವುದು ನನ್ನ ಕೆಲಸ. ಮೊದಲ ಸಲಕ್ಕೇ ಒಪ್ಪಿಕೊಳ್ಳುವವನನ್ನು ನಮ್ಮಲ್ಲಿ ಯಾರೂ ಒಳ್ಳೆಯ ಎಂಜಿನಿಯರ್ ಎನ್ನುವುದಿಲ್ಲ.

ಆ ಅಭ್ಯಾಸ ಆಫೀಸಿನ ಗೇಟಿನಲ್ಲಿ ನಿಲ್ಲಲಿಲ್ಲ, ಪಟ್ಟಂ ಬಡಾವಣೆಯ ನಮ್ಮ ಮನೆಯೊಳಕ್ಕೂ ಬಂತು. ಒಂದು ಸೀಲಿಂಗ್ ಫ್ಯಾನ್ ತರಬೇಕಾದರೂ ನಾನು ಪಟ್ಟಿ ಮಾಡುತ್ತಿದ್ದೆ. ಭಾವ ಹೋದ ಮೇಲೆ ಅಕ್ಕನ ಮನೆಯ ಸಾಮಾನುಗಳ ಜವಾಬ್ದಾರಿಯನ್ನೂ ನಾನೇ ವಹಿಸಿಕೊಂಡೆ. ಅವಳು ಕೇಳಿರಲಿಲ್ಲ. ಒಂದು ಸಲ ಅವಳು ನನಗೆ ಹೇಳದೆ ಮಿಕ್ಸಿ ತಂದಳು. ನಾನು ಕಲೂರಿಗೆ ಹೋದಾಗ ಅದನ್ನು ತಲೆಕೆಳಗು ಮಾಡಿ, ಮೋಟಾರಿನ ವಿವರ ಓದಿ, "ಇದನ್ನ ಯಾರು ತಗೊಳ್ಳೋಕೆ ಹೇಳಿದ್ದು ನಿಂಗೆ? ಆರು ತಿಂಗಳಲ್ಲಿ ಸುಟ್ಟೋಗುತ್ತೆ," ಎಂದು ಮಗಳ ಎದುರಿಗೇ ಬೈದೆ. ಅಕ್ಕ ನಕ್ಕಳು. ಆ ಮಿಕ್ಸಿ ಈಗಲೂ ಓಡುತ್ತಿದೆ. ಅದಾದ ಮೇಲೆ ಅವಳು ಇಸ್ತ್ರಿಪೆಟ್ಟಿಗೆಯನ್ನೂ ನನ್ನನ್ನು ಕೇಳದೆ ಕೊಂಡದ್ದಿಲ್ಲ.

ಹಾಡಿನ ವಿಷಯಕ್ಕೆ ಬಂದರೆ, ಅವಳ ಹತ್ತಿರ ಒಂದು ಮೆಮೊರಿ ಕಾರ್ಡ್ ತುಂಬ ಇತ್ತು. ಭಾವನಿಗೆ ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರುವ ಹುಚ್ಚಿತ್ತು. ಭಾವಗೀತೆ, ದೇವರನಾಮ, ಹಳೆಯ ಹಿಂದಿ ಹಾಡು, ಮಲಯಾಳಂ ಹಾಡು, ಯಾವುದೂ ಬಿಟ್ಟಿರಲಿಲ್ಲ. ಅವರು ಹೋದ ಮೇಲೆ ಅಕ್ಕ ಆ ಕ್ಯಾಸೆಟ್ಟುಗಳನ್ನೆಲ್ಲ ಒಂದು ಸ್ಟುಡಿಯೋದವರಿಗೆ ಕೊಟ್ಟು ಕಾರ್ಡಿಗೆ ಹಾಕಿಸಿದ್ದಳು. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಕಲೂರಿನ ಸ್ಟೇಡಿಯಂ ಸುತ್ತ ನಡೆಯುವಾಗ ನೀಲಿ ಪ್ಲೇಯರನ್ನು ಸೆರಗಿಗೆ ಸಿಕ್ಕಿಸಿಕೊಂಡು, ಭಾವನ ದೊಡ್ಡ ಹೆಡ್‌ಫೋನನ್ನು ತಲೆಗೇರಿಸಿಕೊಂಡು ಹೊರಡುತ್ತಿದ್ದಳು. ಶಾಲೆಯ ಮಕ್ಕಳು ನೋಡಿ ನಗುತ್ತಿದ್ದರಂತೆ. ಅವಳಿಗೆ ಅದರ ಪರಿವೆ ಇರಲಿಲ್ಲ.

ಆ ಸಂಜೆಯೇ ನಾನು ಕಂಪ್ಯೂಟರ್ ಮುಂದೆ ಕೂತೆ. ಈ ಕಾಲದಲ್ಲಿ ಬರೀ ಹಾಡಿಗೆಂದು ಪ್ಲೇಯರ್ ಮಾಡುವ ಕಂಪನಿಗಳು ಕೆಲವೇ. ಅದರಲ್ಲೊಂದು, ತನ್ನ ಪ್ಲೇಯರನ್ನು ಪೂರ್ತಿ ಹೊಸದಾಗಿ ವಿನ್ಯಾಸ ಮಾಡಿರುವುದಾಗಿಯೂ ಜೂನ್ ಹೊತ್ತಿಗೆ ಅಂಗಡಿಗೆ ಬಿಡುವುದಾಗಿಯೂ ಹೇಳಿಕೊಂಡಿತ್ತು. ಹಳೆಯದರಲ್ಲಿ ಎಲ್ಲವೂ ಪರದೆಯ ಮೇಲೆ ಬೆರಳಾಡಿಸುವುದಿತ್ತು, ಹೊಸದರಲ್ಲಿ ಪಕ್ಕದಲ್ಲಿ ನಿಜವಾದ ಗುಂಡಿಗಳು. ಸದ್ದು ಹೆಚ್ಚು ಕಡಿಮೆ ಮಾಡಲು ಹಲ್ಲುಹಲ್ಲಿನ ಒಂದು ಚಕ್ರ. ಒಳಗಿನ ಚಿಪ್ ಬೇರೆ, ಬ್ಯಾಟರಿ ದೊಡ್ಡದು, ತೂಕ ಕಮ್ಮಿ. ಚಿತ್ರ ನೋಡಿಯೇ ನನಗೆ ಮನಸ್ಸು ತುಂಬಿತು. ಅಕ್ಕನಿಗೆ ಹೇಳಿ ಮಾಡಿಸಿದ ಹಾಗಿದೆ ಅನ್ನಿಸಿತು.

"ಈಗ ತಗೋಬೇಡ. ಜೂನ್‌ವರೆಗೆ ತಡಿ. ಹೊಸದು ಬರ್ತಾ ಇದೆ," ಎಂದು ಫೋನಿನಲ್ಲಿ ಹೇಳಿದೆ.

"ಹಳೇದೇ ಸಾಕು ಕಣೋ. ಅದು ಇಲ್ಲೇ ಅಂಗಡೀಲಿ ಸಿಗುತ್ತೆ."

"ಮೂರು ತಿಂಗಳು ತಡೆಯೋಕಾಗ್ದೆ ಹಳೇ ಸಾಮಾನು ಯಾರಾದ್ರೂ ತಗೋತಾರಾ?"

 "ಸರಿ, ನೀನು ಹೇಳಿದ ಮೇಲೆ," ಎಂದಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ತೂತಿಲ್ಲದ ಫೋನಿಗೆ ಹಳೆಯ ಹೆಡ್‌ಫೋನ್ ಸೇರಿಸುವ ಒಂದು ಗೇಣಿನ ವೈರು ಸಿಗುತ್ತದೆ. ನಮ್ಮೂರ ತಂಪಾನೂರಿನ ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ಕವರ್ ಮಾರುವವನ ಹತ್ತಿರವೂ ಇರುತ್ತದೆ. ನನಗದು ಗೊತ್ತಿತ್ತು. ಅಂಥ ವೈರಿನಲ್ಲಿ ಧ್ವನಿ ಸ್ವಲ್ಪ ಕೆಡುತ್ತದೆ ಎಂದು ಎಲ್ಲೋ ಓದಿದ್ದೆ. ಅದಕ್ಕೇ ಅಕ್ಕನಿಗೆ ಆ ವಿಷಯ ಹೇಳಲೇ ಇಲ್ಲ.

ಜೂನ್‌ನಲ್ಲಿ ಅದು ಬರಲಿಲ್ಲ. ಬಂದದ್ದು ಆಗಸ್ಟ್‌ನಲ್ಲಿ. ಬಂದ ಎರಡನೇ ವಾರಕ್ಕೆ ಕೊಂಡವರು ಇಂಟರ್ನೆಟ್ಟಿನಲ್ಲಿ ಬರೆಯತೊಡಗಿದರು: ಮೊದಲ ಬ್ಯಾಚಿನಲ್ಲಿ ಆ ಚಕ್ರ ಸಡಿಲವಾಗುತ್ತಿದೆ, ಕೆಲವರದ್ದು ತಾನಾಗಿಯೇ ಸದ್ದು ಏರಿಸಿಬಿಡುತ್ತಿದೆ. ಸರಿ, ಮುಂದಿನ ಬ್ಯಾಚಿನಲ್ಲಿ ಸರಿಮಾಡುತ್ತಾರೆ ಎಂದು ನಾನು ಅಕ್ಕನಿಗೆ ಮತ್ತೆ ಹೇಳಿದೆ. ಆ ಹೊತ್ತಿಗೆ ಅವಳು ಫೋನಿನಲ್ಲಿ ಮಾತಾಡುವುದನ್ನು ಕಡಿಮೆ ಮಾಡಿದ್ದಳು. ನಾನು ಕರೆ ಮಾಡಿದರೆ ಎರಡು ಮಾತಾಡಿ, "ಮೆಸೇಜ್ ಹಾಕು, ನೋಡ್ತೀನಿ," ಎಂದು ಇಟ್ಟುಬಿಡುತ್ತಿದ್ದಳು. ಪರೀಕ್ಷೆಯ ಪೇಪರು ತಿದ್ದುವ ಕೆಲಸವಿರಬೇಕು ಅಂದುಕೊಂಡೆ. ವಿವರವಾಗಿ ಬರೆದು ಕಳಿಸಲು ನನಗೂ ಅದೇ ಅನುಕೂಲವಾಗಿತ್ತು.

ಆ ಸಲದ ಓಣಂಗೆ ಅಕ್ಕ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಅಡುಗೆಮನೆಯಲ್ಲಿ ಕುಕ್ಕರಿನ ಪಕ್ಕವೇ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಳು. ನನ್ನ ಹೆಂಡತಿ ಬಾಲ್ಕನಿಯಲ್ಲಿ ಬಟ್ಟೆ ಹರವಿ ಬಂದು, "ಅತ್ತಿಗೆ, ಎಷ್ಟು ಸಲ ಕೂಗ್ತು?" ಎಂದು ಕೇಳಿದಳು.

ಅಕ್ಕ ತಲೆಯೆತ್ತಿ ಅವಳ ಮುಖ ನೋಡಿದಳು. "ಎರಡು," ಎಂದಳು.

ಹಾಲಿನಲ್ಲಿ ಕೂತಿದ್ದ ನಾನು ಆರು ಎಣಿಸಿದ್ದೆ. ಅನ್ನ ಗಂಜಿಯಾಗಿತ್ತು. "ಅಕ್ಕ ಯಾವ ಲೋಕದಲ್ಲಿದ್ದಾಳೋ!" ಎಂದು ನಾನು ನಕ್ಕೆ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಅಕ್ಕನ ಮಗಳು ಮಾತ್ರ ತಟ್ಟೆ ಒರೆಸುವುದನ್ನು ನಿಲ್ಲಿಸಿ ಅಮ್ಮನನ್ನೇ ನೋಡುತ್ತಿದ್ದಳು. ಅವಳು ನಗಲಿಲ್ಲವೆಂಬುದನ್ನು ನಾನು ಕಂಡಿದ್ದೆ, ಯಾಕೆಂದು ಕೇಳಲಿಲ್ಲ. ಕಾಲೇಜಿಗೆ ಹೋಗುವ ಹುಡುಗಿಯರಿಗೆ ನಮ್ಮ ತಮಾಷೆ ಎಲ್ಲಿ ಹಿಡಿಸುತ್ತದೆ ಅಂದುಕೊಂಡೆ.

ಊಟವಾದ ಮೇಲೆ ಅಕ್ಕ ತಾನಾಗಿಯೇ ಆ ಮಾತೆತ್ತಿದಳು. "ಓಣಂಗೆ ಅಂಗಡಿಗಳಲ್ಲೆಲ್ಲಾ ಆಫರ್ ಇದೆಯಂತೆ. ಆ ಪ್ಲೇಯರ್ ನೋಡೋಣ್ವಾ ಇವತ್ತೇ?"

"ಆ ಚಕ್ರ ಸರಿ ಮಾಡ್ಲಿ ತಡಿಯಕ್ಕ. ವರ್ಷದ ಕೊನೆಗೆ ಸರಿಯಾದ್ದೇ ಬರುತ್ತೆ."

"ಚಕ್ರ ಸಡಿಲ ಆದ್ರೆ ಆಗ್ಲಿ ಬಿಡೋ. ಹಾಡು ಬರುತ್ತಲ್ಲ?"

"ನೀನು ಸುಮ್ನಿರು. ನಿನಗೆ ಇದೆಲ್ಲ ಗೊತ್ತಾಗಲ್ಲ."

ಅವಳು ಎಲೆಯಡಿಕೆ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

ಕೊನೆಗೂ ಜನವರಿಯಲ್ಲಿ ಸರಿಪಡಿಸಿದ ಬ್ಯಾಚ್ ಬಂತು. ಬರೆದವರೆಲ್ಲ ಹೊಗಳಿದ್ದರು. ನನಗೆ ಗೆದ್ದ ಹಾಗಾಯಿತು. ಒಂದು ಶನಿವಾರ ಬೆಳಗಿನ ರೈಲು ಹಿಡಿದು ಕೊಚ್ಚಿಗೆ ಹೋದೆ. ಅಕ್ಕನನ್ನೂ ಸೊಸೆಯನ್ನೂ ಕರೆದುಕೊಂಡು ಕಲೂರಿನಲ್ಲೇ ಇರುವ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೊರಟೆ. ಸೊಸೆ ಅಂದರೆ ಅಕ್ಕನ ಮಗಳು. ಮನೆಯಲ್ಲಿ ನಾವು ಆಡುವ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಬರುವುದು ಮಲಯಾಳದಲ್ಲಿ. ದಾರಿಯಲ್ಲಿ ಅವಳು ಎರಡು ಸಲ "ಮಾಮಾ," ಎಂದು ಏನೋ ಹೇಳಲು ಹೊರಟಳು. ಅಕ್ಕ ಅವಳ ಕೈ ಹಿಡಿದುಕೊಂಡಳು. 

ಅಂಗಡಿಯವನು ಸಭ್ಯ ಮನುಷ್ಯ. ಪೆಟ್ಟಿಗೆಯಿಂದ ಹೊಸ ಪ್ಲೇಯರ್ ತೆಗೆದು, ಒಳ್ಳೆಯದೊಂದು ಹೆಡ್‌ಫೋನ್ ಸಿಕ್ಕಿಸಿ, "ಚೇಚೀ, ಒನ್ನು ಕೇಟ್ಟು ನೋಕ್ಕೂ," ಎಂದು ಕೇಳಿನೋಡಲು ಅಕ್ಕನ ಕಡೆ ಚಾಚಿದ. ಅಕ್ಕ ಅವನ ತುಟಿಗಳನ್ನೇ ನೋಡುತ್ತಿದ್ದಳು. ಆಮೇಲೆ ಹೆಡ್‌ಫೋನ್ ಹಾಕಿಕೊಂಡಳು. ಅವನು ಒತ್ತಿದ್ದು ಕೊಳಲು, ವೀಣೆ, ಮೃದಂಗ ಸೇರಿದ ಒಂದು ವಾದ್ಯಸಂಗೀತ. ನಾನು ಇನ್ನೊಂದು ಹೆಡ್‌ಫೋನಿನಲ್ಲಿ ಅದನ್ನೇ ಕೇಳುತ್ತಿದ್ದೆ. ನಿಜಕ್ಕೂ ಚೆನ್ನಾಗಿತ್ತು. ಕೊಳಲು ಎಷ್ಟು ಎತ್ತರಕ್ಕೆ ಹೋದರೂ ಚೂರೂ ಒಡೆಯುತ್ತಿರಲಿಲ್ಲ.

ನಾನು ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ, ಅವಳಿಗೆ ಕಾಣುವಂತೆ ಬೆರಳಾಡಿಸಿ, "ಕೊಳಲು ನೋಡು! ಎಷ್ಟು ಸ್ವಚ್ಛ ಅಲ್ವಾ?" ಎಂದೆ.

"ಹೌದು," ಎಂದು ತಲೆಯಾಡಿಸಿದಳು.

ನಾನು ಒಳಗಿನ ಚಿಪ್‌ನ ಬಗ್ಗೆ ಹೇಳಿದೆ. ಚಕ್ರವನ್ನು ಅವಳ ಬೆರಳಿಂದಲೇ ತಿರುಗಿಸಿ ತೋರಿಸಿದೆ. ಅವಳು ಅದನ್ನು ತಿರುಗಿಸುತ್ತ ಹೋದಳು, ಅಂಗಡಿಯವನು ಗಾಬರಿಯಾಗಿ ಕೈ ಅಡ್ಡ ಹಿಡಿಯುವವರೆಗೆ. ಹಾಡು ಮುಗಿಯುವ ಮೊದಲೇ ಹೆಡ್‌ಫೋನ್ ತೆಗೆದು ಗಾಜಿನ ಮೇಲಿಟ್ಟು, "ಚೆನ್ನಾಗಿದೆ ಕಣೋ. ಆದ್ರೆ ನನಗೆ ಬೇಡ," ಎಂದಳು.

"ಬೇಡ ಅಂದ್ರೆ?"

"ಬೇಡ. ಈಗ ಅಷ್ಟು ಕೇಳಲ್ಲ ನಾನು."

ನನಗೆ ಸಿಟ್ಟು ನೆತ್ತಿಗೇರಿತು. "ಹತ್ತು ತಿಂಗಳಿಂದ ನಿನಗೋಸ್ಕರ ಇದರ ಹಿಂದೆ ಬಿದ್ದಿದ್ದೀನಿ. ಇವತ್ತು ಇದಕ್ಕೇ ಅಂತ ಅಲ್ಲಿಂದ ಬಂದಿದ್ದೀನಿ. ಬೇಕಾದಾಗ ಬೇಕು, ಬೇಡವಾದಾಗ ಬೇಡ. ಚಿಕ್ಕ ಮಗೂನಾ ನೀನು?"

ಅಂಗಡಿಯವನಿಗೆ ಕನ್ನಡ ಬಾರದಿದ್ದರೂ ದನಿ ಅರ್ಥವಾಗಿರಬೇಕು. ಪಕ್ಕಕ್ಕೆ ತಿರುಗಿ ಬಿಲ್ಲಿನ ಪುಸ್ತಕ ಜೋಡಿಸತೊಡಗಿದ.  ನಾನು ಅವನಿಗೆ, ಒಂದನ್ನು ಎತ್ತಿಡಿ, ಒಂದು ವಾರದಲ್ಲಿ ತಿಳಿಸುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಅಕ್ಕನ ಮನಸ್ಸು ಸುಮ್ಮನೆ ಬದಲಾಗಿದೆಯಷ್ಟೇ, ಎರಡು ದಿನದಲ್ಲಿ ಸರಿಹೋಗುತ್ತಾಳೆ ಎಂಬ ನಂಬಿಕೆ ನನಗೆ.

ಸಂಜೆ ಕೊಚ್ಚಿಯ ನಾರ್ತ್ ರೈಲ್ವೆ ಸ್ಟೇಷನ್ನಿನವರೆಗೆ ಸೊಸೆ ನನ್ನ ಜೊತೆ ಆಟೋದಲ್ಲಿ ಬಂದಳು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಾಗ ಹೇಳಿದಳು, "ಅಮ್ಮಯ್ಕ್ ಕೇಳ್ಕಾನ್ ಪಟ್ಟುನ್ನಿಲ್ಲ, ಮಾಮಾ."

ಅಮ್ಮನಿಗೆ ಕೇಳಿಸುವುದಿಲ್ಲ. ಮಲಯಾಳ ನನಗೆ ಚೆನ್ನಾಗಿಯೇ ಬರುತ್ತದೆ, ಆದರೂ ಅವಳು ಏನು ಹೇಳಿದಳೆಂದು ಮತ್ತೆ ಕೇಳಿದೆ. ಆಗ ಅವಳು ಬಿಡಿಸಿ ಹೇಳಿದಳು. ಎರಡು ಕಿವಿಯ ನರವೂ ನಿಧಾನವಾಗಿ ಸೋಲುತ್ತಿದೆಯಂತೆ. ಮೊದಲು ಸಣ್ಣ, ಚೂಪಾದ ಸದ್ದುಗಳು ಹೋಗುತ್ತವಂತೆ. ಅಂಗಡಿಯಿಂದ ಮನೆಗೆ ಬಂದ ಮೇಲೆ ಅಮ್ಮ ಅವಳನ್ನು ಅಡುಗೆಮನೆಗೆ ಕರೆದು, "ಅದರಲ್ಲಿ ಕೊಳಲು ಇತ್ತೇನೇ?" ಎಂದು ಕೇಳಿದಳಂತೆ. ಅಮ್ಮನ ಆ ಒಂದು ವಾಕ್ಯವನ್ನು ಹುಡುಗಿ ಕನ್ನಡದಲ್ಲೇ ಹೇಳಿದಳು.

ರೈಲು ಬಂತು. ನಾನು ಏಳಲಿಲ್ಲ, ಆಮೇಲೆ ಎದ್ದೆ. ಮರುದಿನ ಭಾನುವಾರವಾದರೂ ನಮ್ಮ ವಿಭಾಗದಲ್ಲಿ ಒಂದು ಪರೀಕ್ಷೆ ಇಟ್ಟುಕೊಂಡಿದ್ದೆವು, ನಾನಿಲ್ಲದಿದ್ದರೆ ಇನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಆದರೂ ಹತ್ತಿದೆ. ಆ ಕ್ಷಣ ಅಕ್ಕನ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಪರೀಕ್ಷೆ ಒಂದು ನೆಪವಾಗಿ ಒದಗಿತು. ಕಿಟಕಿಯ ಪಕ್ಕ ಕೂತು ಅವಳಿಗೆ ಒಂದು ಮೆಸೇಜ್ ಬರೆದೆ, ಅಳಿಸಿದೆ. ಕೋಟ್ಟಯಂ ದಾಟುವಷ್ಟರಲ್ಲಿ ನಾಲ್ಕು ಸಲ ಬರೆದು ಅಳಿಸಿದ್ದೆ. ಕುಕ್ಕರು, ತುಟಿ ನೋಡುವುದು, ಮೆಸೇಜ್ ಹಾಕು ಎನ್ನುವುದು, ಒಂದೊಂದೇ ಬಂದು ಎದುರಿಗೆ ನಿಂತವು. ದಿನವೂ ಯಂತ್ರದ ಮುಂದೆ ಕೂತು ಎಲ್ಲಿ ಏನು ಕುಂದುತ್ತಿದೆ ಎಂದು ಹುಡುಕುವವನು ನಾನು. ತಿರುವನಂತಪುರದಲ್ಲಿ ಇಳಿದಾಗ ಮೆಸೇಜ್ ಇನ್ನೂ ಕಳಿಸಿರಲಿಲ್ಲ.

ಮುಂದಿನ ಶನಿವಾರ ಮತ್ತೆ ಹೋದೆ. ಸೊಸೆ ಬಾಗಿಲು ತೆಗೆದು, ಅಮ್ಮ ಒಳಗಿದ್ದಾಳೆ ಎಂದು ಸನ್ನೆ ಮಾಡಿ ತನ್ನ ಕೋಣೆಗೆ ಹೋದಳು. ಅಕ್ಕ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ನಾನು ಹಿಂದಿನಿಂದ "ಅಕ್ಕಾ," ಎಂದೆ. ಅವಳು ತುರಿಯುತ್ತಲೇ ಇದ್ದಳು. ಎದುರಿಗೆ ಹೋಗಿ ಕೂತ ಮೇಲೆ ಬೆಚ್ಚಿ, "ಯಾವಾಗ ಬಂದ್ಯೋ?" ಎಂದಳು.

"ಯಾಕಕ್ಕಾ ಹೇಳ್ಲಿಲ್ಲ?"

ಮಗಳು ಹೇಳಿದ್ದಾಳೆಂದು ಅವಳಿಗೆ ಅರ್ಥವಾಯಿತು. ಕೈಯ ಹೋಳನ್ನು ತಟ್ಟೆಯಲ್ಲಿಟ್ಟಳು.

"ಯಾವಾಗ ಗೊತ್ತಾಯ್ತು ನಿನಗೆ?" ಎಂದು ಮತ್ತೆ ಕೇಳಿದೆ.

"ಮಾರ್ಚಲ್ಲಿ. ನಿನಗೆ ಫೋನ್ ಮಾಡಿದ್ನಲ್ಲ, ಅದರ ಹಿಂದಿನ ದಿನ ಡಾಕ್ಟ್ರು ಹೇಳಿದ್ರು. ಒಂದು ವರ್ಷದಲ್ಲಿ ಬಹಳ ಕಡಿಮೆಯಾಗ್ಬಹುದು ಅಂದ್ರು. ಮಾತಿಗೆ ಮಷೀನ್ ಇದೆ, ಸಂಗೀತ ಮೊದಲಿನ ಹಾಗೆ ಸಿಗಲ್ಲ ಅಂದ್ರು. ಕಿವಿಯೊಳಗೆ ತುರುಕೋ ಇಯರ್‌ಫೋನ್ ಬೇಡ, ದೊಡ್ಡ ಹೆಡ್‌ಫೋನಲ್ಲಿ ಸಣ್ಣದಾಗಿ ಕೇಳ್ಬಹುದು ಅಂದ್ರು. ಸರಿ, ಇರೋವಷ್ಟು ದಿನ ಆ ಕಾರ್ಡಲ್ಲಿರೋದನ್ನೆಲ್ಲಾ ಒಂದೊಂದು ಸಲ ಕೇಳಿ ಮುಗಿಸೋಣ ಅಂದ್ಕೊಂಡೆ. ಅಷ್ಟೇ."

"ಅದನ್ನ ನನಗೆ ಹೇಳಿದ್ರೆ ಅವತ್ತೇ ತಂದುಕೊಡ್ತಿರಲಿಲ್ವಾ?"

"ಹೇಳಿದ್ರೆ ನೀನು ಡಾಕ್ಟರುಗಳದ್ದೂ ಒಂದು ಪಟ್ಟಿ ಮಾಡ್ತಿದ್ದೆ," ಎಂದಳು. ಅದರಲ್ಲಿ ಕುಹಕವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಮದ್ರಾಸು, ಬೆಂಗಳೂರು ಅಂತ ಓಡಾಡಿಸ್ತಿದ್ದೆ. ನನಗೆ ಬೇಕಾಗಿದ್ದು ಹಾಡು."

"ನೀನೇ ಹಳೇದನ್ನ ತಗೋಬಹುದಿತ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕ ನನ್ನ ತುಟಿಯನ್ನು ಓದಿ, ಅಡುಗೆಕಟ್ಟೆಯ ಮೂಲೆಯಲ್ಲಿದ್ದ ಮಿಕ್ಸಿಯ ಕಡೆ ಒಂದು ಸಲ ನೋಡಿದಳು. 

ಆಮೇಲೆ ತಾನಾಗಿಯೇ ಹೇಳತೊಡಗಿದಳು. ಸ್ಟೇಡಿಯಂ ಸುತ್ತುವಾಗ ಫೋನನ್ನೇ ಸ್ಪೀಕರಿಗೆ ಹಾಕಿ ಬಲಗಿವಿಗೆ ಒತ್ತಿಕೊಂಡು ನಡೆಯುತ್ತಿದ್ದಳಂತೆ. ಎದುರಿಗೆ ಬಂದವರು ಯಾರ ಜೊತೆಗೋ ಮಾತಾಡುತ್ತಿದ್ದಾಳೆಂದು ದಾರಿ ಬಿಡುತ್ತಿದ್ದರಂತೆ. ಮಗಳ ಲ್ಯಾಪ್‌ಟಾಪಿನಲ್ಲಿ ಕೆಲವು ಕೇಳಿದಳು, ಆದರೆ ಅದು ಮಗಳಿಗೆ ಓದಲು ಬೇಕಿತ್ತು.

"ಮೊದಲು ತಾಳದ ಕಿಣಿಕಿಣಿ ಹೋಯ್ತು ಕಣೋ. ಗೊತ್ತೇ ಆಗ್ಲಿಲ್ಲ. ಹಾಡು ಯಾಕೋ ಸಪ್ಪೆ ಅನ್ನಿಸ್ತು, ಅಷ್ಟೇ. ಆಮೇಲೆ ಕೊಳಲು. ಆಮೇಲೆ ಹೆಂಗಸರ ದನಿ ಮೇಲಕ್ಕೆ ಹೋದಾಗ ಅಲ್ಲಲ್ಲಿ ಖಾಲಿ. ಓಣಂ ಹೊತ್ತಿಗೂ ಸುಮಾರಾಗಿ ಕೇಳ್ತಿತ್ತು. ಕ್ರಿಸ್‌ಮಸ್ ರಜೆಯೊಳಗೆ ಹೋಯ್ತು."

ಓಣಂ ಹೊತ್ತಿಗೂ. ಆ ಮಾತನ್ನು ಅವಳು ನನಗೆ ಚುಚ್ಚಲೆಂದು ಹೇಳಲಿಲ್ಲ. ನನ್ನ ಮನೆಯ ಹಾಲಿನಲ್ಲಿ, ಆಫರ್ ಇದೆ, ಇವತ್ತೇ ನೋಡೋಣವಾ ಎಂದು ಅವಳು ಕೇಳಿದ ದಿನ ಅದು.

"ಎಷ್ಟು ಕೇಳಿದೆ? ಕಾರ್ಡಲ್ಲಿರೋದು?"

"ಕಾಲು ಭಾಗವೂ ಇಲ್ಲ ಬಿಡು." ಆಮೇಲೆ ಅವಳ ಮುಖ ಸ್ವಲ್ಪ ಅರಳಿತು. "ಒಂದು ದೇವರನಾಮದ ಕೊನೇಲಿ ನಿಮ್ಮ ಭಾವ ಕೆಮ್ಮಿದಾರೆ. ಟೇಪ್ ನಿಲ್ಲಿಸೋಕೆ ಬಗ್ಗಿದಾಗ ಕೆಮ್ಮು ಬಂದಿರ್ಬೇಕು. ಹಾಡು ಈಗ ಸರಿಯಾಗಿ ಕೇಳಲ್ಲ, ಕೆಮ್ಮು ಚೆನ್ನಾಗಿ ಕೇಳುತ್ತೆ. ದಪ್ಪ ಶಬ್ದ ನೋಡು ಅದು."

ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಕಿಟಕಿಯ ಹತ್ತಿರ ನಿಂತೆ. ಕೆಳಗೆ ಮೆಟ್ರೋ ಕಂಬಗಳ ನಡುವೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಅಕ್ಕ ಮತ್ತೆ ತೆಂಗಿನಕಾಯಿ ಎತ್ತಿಕೊಂಡಳು.

ಅಂಗಡಿಯವನು ಸೋಮವಾರ ಫೋನ್ ಮಾಡಿದ. ಎತ್ತಿಟ್ಟದ್ದು ಬೇಕೋ ಬೇಡವೋ, ಇನ್ನೊಬ್ಬರು ಕೇಳುತ್ತಿದ್ದಾರೆ ಎಂದ. ಸಂಜೆ ಹೇಳುತ್ತೇನೆ ಅಂದೆ. ಆ ದಿನವಿಡೀ ಆಫೀಸಿನಲ್ಲಿ ನನಗೆ ಅದೇ ಯೋಚನೆ. ಕೊಳ್ಳಲೇಬೇಕು ಅನ್ನಿಸುತ್ತಿತ್ತು. ದಪ್ಪ ದನಿಯ ಗಂಡಸರ ಹಾಡುಗಳಾದರೂ ಕೇಳಿಸಬಹುದು, ಸಣ್ಣ ಶಬ್ದಗಳನ್ನು ಮಾತ್ರ ಎತ್ತಿ ಕೊಡುವ ವ್ಯವಸ್ಥೆ ಆ ಹೊಸ ವಿನ್ಯಾಸದಲ್ಲಿ ಇದೆಯಲ್ಲ, ಅದನ್ನು ಅವಳ ಕಿವಿಗೆ ತಕ್ಕಂತೆ ಹೊಂದಿಸಬಹುದು. ಮಧ್ಯಾಹ್ನದ ಹೊತ್ತಿಗೆ ಒಂದು ಕಾಗದದ ಮೇಲೆ ಪಟ್ಟಿಗೆಂದು ಗೆರೆ ಎಳೆಯಲು ಶುರುಮಾಡಿದ್ದೆ. ಇದನ್ನೆಲ್ಲ ಅಕ್ಕನಿಗೆ ಮೆಸೇಜಿನಲ್ಲಿ ಬರೆದು ಕಳಿಸಿದೆ.  ಶಾಲೆ ಬಿಟ್ಟ ಮೇಲೆ ಉತ್ತರ ಬಂತು.

"ಅದನ್ನ ನನಗೋಸ್ಕರ ತಗೋತೀಯಾ, ನಿನಗೋಸ್ಕರ ತಗೋತೀಯಾ?"

ನಾನು ಆ ಕಾಗದವನ್ನು ಮಡಚಿದೆ. ಅಂಗಡಿಗೆ ಫೋನ್ ಮಾಡಿ, ಕೇಳಿದವರಿಗೇ ಕೊಟ್ಟುಬಿಡಿ ಎಂದೆ. ಅವನು ಎರಡು ಸಲ ಖಚಿತಪಡಿಸಿಕೊಂಡ. ಅಕ್ಕನಿಗೆ ನಾನು ಬರೆದದ್ದು ಒಂದೇ ಸಾಲು: "ತಪ್ಪಾಯ್ತು ಅಕ್ಕ." ಅವಳು ಓದಿದ ಗುರುತು ಬಂತು. ಅದಕ್ಕೆ ಉತ್ತರ ಬರೆಯಲಿಲ್ಲ. ಮರುದಿನ ಬೆಳಿಗ್ಗೆ, ಮಗಳಿಗೆ ಪರೀಕ್ಷೆ ಶುರುವಾಗಿದೆಯೆಂದೂ ನನ್ನ ಹೆಂಡತಿ ಕೇಳಿದ್ದ ಉಪ್ಪಿನಕಾಯಿ ಯಾರ ಕೈಯಲ್ಲಾದರೂ ಕಳಿಸುತ್ತೇನೆಂದೂ ಬರೆದಳು.

ಫೆಬ್ರವರಿಯಲ್ಲಿ ಡಾಕ್ಟರ ಜೊತೆ ಕೂತು ಅಕ್ಕ, ಮಗಳು ಇಬ್ಬರೇ ಕಿವಿಯ ಯಂತ್ರ ಆರಿಸಿಕೊಂಡರು. ನನಗೆ ಹೇಳಿದ್ದು ಹಾಕಿಕೊಂಡ ಮೇಲೆ. ಅವಳು ಈಗಲೂ ಶಾಲೆಗೆ ಹೋಗುತ್ತಾಳೆ. ಮಕ್ಕಳು ಎದುರಿಗೆ ನಿಂತು ಮಾತಾಡಿದರೆ ತೊಂದರೆಯಿಲ್ಲ. ಹಾಡು ಮಾತ್ರ ಅದರಲ್ಲಿ ಗರಗರ ಅನ್ನುತ್ತದಂತೆ, ತಗಡಿನ ಡಬ್ಬಿಯೊಳಗೆ ಯಾರೋ ಜಗಳವಾಡುವ ಹಾಗೆ. ಬೆಳಗಿನ ನಡಿಗೆಗೆ ಯಂತ್ರವನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾಳೆ.

ಈ ವರ್ಷ ಬೇಸಿಗೆ ರಜೆಯಲ್ಲಿ ಅವಳು ನಾಲ್ಕು ದಿನ ನಮ್ಮಲ್ಲಿಗೆ ಬಂದಿದ್ದಳು. ಪಟ್ಟಂನಲ್ಲಿ ನಮ್ಮ ಆಫೀಸಿನ ಧಾರವಾಡದವರೊಬ್ಬರ ಗೃಹಪ್ರವೇಶವಿತ್ತು. ಎಲ್ಲರೂ ಹೋದೆವು. ಊಟಕ್ಕೆ ಮೊದಲು ಅವರ ಮಗಳು, ಹತ್ತು ಹನ್ನೊಂದು ವರ್ಷದವಳು, ದೇವರ ಮುಂದೆ ಕೂತು ಹಾಡಿದಳು. ಜನ ಮಾತು ನಿಲ್ಲಿಸಿದರು. ಅಕ್ಕ ಗೋಡೆಗೆ ಒರಗಿ ಕೂತು ಆ ಹುಡುಗಿಯ ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈಯನ್ನೇ ನೋಡುತ್ತಿದ್ದಳು. ತನ್ನ ಬೆರಳನ್ನೂ ಅದಕ್ಕೆ ಸರಿಯಾಗಿ ಆಡಿಸುತ್ತಿದ್ದಳು. ಹಾಡು ಮುಗಿದು ಎಲ್ಲರೂ ಚಪ್ಪಾಳೆ ತಟ್ಟಿದಾಗ ತಾನೂ ತಟ್ಟಿದಳು. ಆಮೇಲೆ ನನ್ನ ಕಡೆ ವಾಲಿ, "ಹೇಗೆ ಹಾಡಿದ್ಲೋ?" ಎಂದು ಕೇಳಿದಳು.

"ಚೆನ್ನಾಗಿ ಹಾಡಿದ್ಲು," ಎಂದೆ.

"ಹಾಗಲ್ಲ. ದನಿ ಹೇಗಿದೆ? ಮೇಲಕ್ಕೆ ಹೋದಾಗ ನಿಂತುಕೊಳ್ತಾ? ಮಧ್ಯದಲ್ಲಿ ಒಂದು ಕಡೆ ಎಲ್ಲರೂ ತಲೆಯಾಡಿಸಿದ್ರಲ್ಲ, ಅಲ್ಲಿ ಏನು ಮಾಡಿದ್ಲು?"

 ಏನು ಮಾಡಿದಳೆಂದು ನನಗೆ ಗೊತ್ತಿರಲಿಲ್ಲ. ಹುಡುಗಿ ಹಾಡುತ್ತಿದ್ದಷ್ಟು ಹೊತ್ತೂ ನಾನು, ಈ ಹಾಲಿನ ಹೊಸ ಗೋಡೆಗಳಿಂದ ಸದ್ದು ಎಷ್ಟು ಮಾರ್ದನಿಸುತ್ತಿದೆ, ಒಂದು ಪರದೆ ಹಾಕಿದರೆ ಎಷ್ಟು ಕಡಿಮೆಯಾದೀತು ಎಂದು ಯೋಚಿಸುತ್ತಿದ್ದೆ. ಅಕ್ಕ ನನ್ನ ಮುಖವನ್ನೇ ನೋಡುತ್ತ ಕಾದಳು.

"ಹೋಗ್ಲಿ, ಯಾವ ಹಾಡು ಅದು?" ಎಂದಳು.

ಅದೂ ನನಗೆ ತಿಳಿದಿರಲಿಲ್ಲ. ಎದ್ದು, ಹೆಂಗಸರ ನಡುವೆ ಕೂತಿದ್ದ ನನ್ನ ಹೆಂಡತಿಯನ್ನು ಕೇಳಿಕೊಂಡು ಬರಲು ಹೋದೆ.